ಸಿಂಹ ಕೇಳಿದ ಕೊಸರು

ಜೀವಮಾನದಲ್ಲಿ ನನ್ನನ್ನು ಸಿಂಹ ಎಂದು ಕರೆದವರು ಇಬ್ಬರೇ. ಅದು ಹೊಗಳಿಕೆಯಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷವೂ ನಾನು ಅದನ್ನು ಬಿರುದಿನ ಹಾಗೆ ಹೊತ್ತು ತಿರುಗಿದೆ, ಸಿಕ್ಕವರಿಗೆಲ್ಲ ಹೇಳಿಕೊಂಡೆ. ಕೊನೆಗೆ ಹೇಳಬಾರದವರ ಮುಂದೆ, ಹೇಳಬಾರದ ಹೊತ್ತಿನಲ್ಲಿ ಹೇಳಿಯೂಬಿಟ್ಟೆ. ಅದರ ಫಲವನ್ನು ಉಂಡವಳು ನನ್ನ ಹೆಂಡತಿ.

ಎಂಬತ್ತರ ದಶಕದ ಕೊನೆಯಲ್ಲಿ ನಾನು, ಹೆಂಡತಿ, ಆಗತಾನೆ ನಡೆಯಲು ಕಲಿತಿದ್ದ ಮಗಳು ಮೈಸೂರಿನಿಂದ ಸಿಡ್ನಿಗೆ ಬಂದಿಳಿದೆವು. ಪ್ಯಾರಮಟ್ಟಾದಲ್ಲಿ, ಸ್ಟೇಷನ್ನಿನಿಂದ ಹತ್ತು ನಿಮಿಷದ ದೂರದಲ್ಲಿ ಎರಡು ರೂಮಿನ ಯೂನಿಟ್, ಅಂದರೆ ಫ್ಲ್ಯಾಟು, ಒಂದು ರೆಂಟಿಗೆ ಸಿಕ್ಕಿತು. ನಾನು ಸಿವಿಲ್ ಎಂಜಿನಿಯರ್. ಏಳು ತಿಂಗಳು ಅರ್ಜಿ ಹಾಕಿ, ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ ಎಂಬ ಒಂದೇ ವಾಕ್ಯವನ್ನು ನಾನಾ ಬಣ್ಣದ ಲೆಟರ್‌ಹೆಡ್ಡುಗಳಲ್ಲಿ ಓದಿದ ಮೇಲೆ, ಹಾಂಗ್‌ಕಾಂಗಿನಿಂದ ಬಂದು ನೆಲೆಸಿದ್ದ ಒಬ್ಬ ಹಿರಿಯ ಎಂಜಿನಿಯರರ ಸಣ್ಣ ಕಂಪನಿಯಲ್ಲಿ ಕೆಲಸವಾಯಿತು. ಅಲ್ಲಿ ನನ್ನ ಪಾಲಿಗೆ ಬಂದದ್ದು ಅಂಗಡಿಗಳ ಕೆಳಗೆ ಕಾರು ನಿಲ್ಲಿಸುವ ನೆಲಮಾಳಿಗೆಗಳ ಕಂಬ ಮತ್ತು ತೊಲೆಗಳು. ಅಣೆಕಟ್ಟು ಕಟ್ಟುತ್ತೇನೆಂದು ಹೊರಟವನು ಪಾರ್ಕಿಂಗ್ ಜಾಗ ಕಟ್ಟುತ್ತಾ ಕೂತೆ. ಆದರೂ ಊರಿಗೆ ಬರೆದ ಕಾಗದಗಳಲ್ಲಿ ಅವನ್ನು ಬೃಹತ್ ಭೂಗತ ಕಾಮಗಾರಿ ಎಂದೇ ಬಣ್ಣಿಸುತ್ತಿದ್ದೆ.

ಹೆಂಡತಿ ಡಾಕ್ಟರು. ಮೈಸೂರಿನಲ್ಲಿ ನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಇಲ್ಲಿ ಆ ಡಿಗ್ರಿ ನಡೆಯುವುದಿಲ್ಲ, ಪರೀಕ್ಷೆ ಪಾಸಾಗಬೇಕು, ಆಮೇಲೆ ಯಾವುದಾದರೂ ಆಸ್ಪತ್ರೆ ಒಂದು ವರ್ಷ ತನ್ನ ಮೇಲ್ವಿಚಾರಣೆಯಲ್ಲಿ ಇಟ್ಟುಕೊಳ್ಳಬೇಕು, ಆಗ ಮಾತ್ರ ಪೂರ್ತಿ ಡಾಕ್ಟರು. ಅಲ್ಲಿಯವರೆಗೆ ಅವಳು ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು, ತನಗಿಂತ ಕಡಿಮೆ ಗೊತ್ತಿರುವವರಿಗೆ ಅಪಾಯಿಂಟ್‌ಮೆಂಟ್ ಬರೆದುಕೊಡುತ್ತಿದ್ದಳು. ಒಬ್ಬ ಮುದುಕನ ಕೆಮ್ಮು ಕೇಳಿಯೇ ಅವನಿಗೆ ಏನಾಗಿದೆಯೆಂದು ತಿಳಿದು, ಬಾಯಿಮುಚ್ಚಿಕೊಂಡು ಕೂತು, ಸಂಜೆ ಮನೆಗೆ ಬಂದು ನನಗೆ ಹೇಳುತ್ತಿದ್ದಳು. ನನಗೆ ಕಂಬದ ಕೆಮ್ಮೂ ತಿಳಿಯದು. ಹೂಂಗುಟ್ಟುತ್ತಿದ್ದೆ.

ಇನ್ನು ನನ್ನ ವ್ಯಾಪಾರ ಜ್ಞಾನದ ವಿಷಯ. ಅದು ಬಂದದ್ದು ನನ್ನ ಅಮ್ಮನಿಂದ. ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಅವಳ ಚೀಲ ಹಿಡಿದು ಹೋಗುತ್ತಿದ್ದ ದಿನಗಳಲ್ಲೇ ನನಗೆ ಮೂರು ಸೂತ್ರಗಳ ದೀಕ್ಷೆಯಾಗಿತ್ತು. ಬೇಕಾದ ವಸ್ತುವಿನ ಕಡೆ ಕಣ್ಣೆತ್ತಿಯೂ ನೋಡಬಾರದು. ಬದನೆಕಾಯಿ ಬೇಕಿದ್ದರೆ ಹೀರೇಕಾಯಿಯನ್ನು ಮುಟ್ಟಿ ಮುಟ್ಟಿ ನೋಡಬೇಕು. ಎರಡನೆಯದು, ಕೊಸರು ಕೇಳದೆ ಅಂಗಡಿ ಬಿಡಬಾರದು. ತೂಕ ಸರಿಯಾಗಿದ್ದರೂ ಮೇಲೊಂದು ಹಿಡಿ ಹುರುಳಿಕಾಯಿ, ಎರಡು ಎಸಳು ಕರಿಬೇವು ಬೀಳಲೇಬೇಕು. ಮೂರನೆಯದು, ಮಾತು ಮುರಿದರೆ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ನಡೆಯಬೇಕು. ಐದನೆಯ ಹೆಜ್ಜೆಗೆ ಅವನೇ "ಬನ್ನಿ ಅಮ್ಮಾ, ಬನ್ನಿ, ತಗೊಂಡ್ ಹೋಗಿ" ಎಂದು ಕೂಗುತ್ತಿದ್ದ. ಅಮ್ಮ ಒಂದು ದಿನವೂ ಆರನೆಯ ಹೆಜ್ಜೆ ಇಟ್ಟದ್ದನ್ನು ನಾನು ಕಂಡಿಲ್ಲ.

ಈ ವಿದ್ಯೆಯನ್ನು ಆಸ್ಟ್ರೇಲಿಯದಲ್ಲಿ ಪ್ರಯೋಗಿಸಲು ಜಾಗವೇ ಇರಲಿಲ್ಲ. ಅಂಗಡಿಯಲ್ಲಿ ಚೀಟಿ ಅಂಟಿಸಿದ ಬೆಲೆ, ಕೌಂಟರಿನಲ್ಲಿ ನಗುಮುಖ, ಎರಡು ಎಸಳು ಕರಿಬೇವು ಕೇಳಲು ಕರಿಬೇವೇ ಇಲ್ಲ. ಒಮ್ಮೆ ಒಂದು ಶೂ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದೆ. ಆ ಹುಡುಗಿ "ಹ್ಯಾವ್ ಎ ಗುಡ್ ಡೇ" ಎಂದಳು. ಇಡೀ ಚಳಿಗಾಲ ಹಳೆಯ ಶೂನಲ್ಲೇ ಕಳೆದೆ.

ಹೀಗೆ ಕೈ ತುರಿಸುತ್ತಿದ್ದ ಕಾಲದಲ್ಲಿ ಆಫೀಸಿಗೆ ಫೋಟೊಕಾಪಿ ಮಷೀನಿನವನು ಬಂದ. ಬಾಡಿಗೆಯ ಕರಾರು ಮುಗಿದಿತ್ತು, ಹೊಸದು ಮಾಡಬೇಕಿತ್ತು. ಬಾಸ್ ಹೊರಗೆ ಹೋಗಿದ್ದರು, ಬರುವವರೆಗೆ ಅವನನ್ನು ಮಾತಾಡಿಸುತ್ತಿರಿ ಎಂದು ನನಗೆ ಹೇಳಿದ್ದರು. ನಾನು ಮಾತಾಡಿಸಿದೆ. ಹೊಸ ಮಷೀನು ಕೊಡಬೇಕು, ಹಳೆಯದನ್ನೂ ಬಿಟ್ಟುಹೋಗಬೇಕು. ಪೇಪರು ಪುಕ್ಕಟೆ. ರಿಪೇರಿ ಹತ್ತು ವರ್ಷ ಪುಕ್ಕಟೆ. ಇಡಲು ಒಂದು ಮೇಜು. ಗೋಡೆಗೊಂದು ಕ್ಯಾಲೆಂಡರು, ಸಾಧ್ಯವಾದರೆ ಎರಡು, ಒಂದು ಮನೆಗೆ. ಅವನು ಟೈ ಸಡಿಲಿಸಿಕೊಂಡು ಬರೆದುಕೊಳ್ಳುತ್ತಲೇ ಇದ್ದ. ಕೊನೆಗೆ ಪೇಪರು ಬಂತು, ಮೇಜು ಬಂತು, ಕ್ಯಾಲೆಂಡರು ಒಂದು ಬಂತು.

ಪಕ್ಕದ ಮೇಜಿನಲ್ಲಿ ನಕ್ಷೆ ಬರೆಯುತ್ತಿದ್ದ ಹಾಂಗ್‌ಕಾಂಗಿನ ಮಹಿಳೆ ಇದನ್ನೆಲ್ಲ ನೋಡುತ್ತಿದ್ದರು. ಅವನು ಹೋದ ಮೇಲೆ ತಲೆಯಾಡಿಸಿ ತಮ್ಮ ಭಾಷೆಯಲ್ಲಿ ಏನೋ ಅಂದರು. ಬಾಸ್ ಮತ್ತು ಅವರು ಮಾತಾಡುತ್ತಿದ್ದದ್ದು ಕ್ಯಾಂಟೊನೀಸು. ಐದು ಶಬ್ದ, ಒಂದೊಂದೂ ಒಂದೊಂದು ಎತ್ತರದಲ್ಲಿ. ಏನೆಂದಿರಿ ಎಂದು ಕೇಳಿದೆ.

"ಸೀ ಜೀ ಹೋಯ್ ದಾಯ್ ಹೌ," ಎಂದು ನಿಧಾನವಾಗಿ ಹೇಳಿದರು. "ಸಿಂಹ ದೊಡ್ಡದಾಗಿ ಬಾಯಿ ತೆರೆಯುತ್ತದೆ ಅಂತ ಅರ್ಥ."

"ಯಾರು? ನಾನಾ?"

"ನೀವೇ," ಎಂದು ನಕ್ಕರು.

ಇಲ್ಲಿ ನನ್ನ ತಪ್ಪು ಪೂರ್ತಿ ನನ್ನದಲ್ಲ, ಅರ್ಧ ಕನ್ನಡದ್ದು. ನಮ್ಮಲ್ಲಿ ಬಾಯಿ ಬಿಡದವನೇ ದಡ್ಡ. "ಬಾಯಿ ಬಿಟ್ಟು ಕೇಳೋಕೆ ನಿಂಗೇನು ರೋಗ" ಎಂದು ಬೈಸಿಕೊಂಡೇ ನಾನು ಬೆಳೆದದ್ದು. ಅಂಥವನನ್ನು ಹಿಡಿದು ಬಾಯಿ ಬಿಟ್ಟವನು, ಅದೂ ದೊಡ್ಡದಾಗಿ, ಅದೂ ಸಿಂಹ ಎಂದರೆ ಇನ್ನೇನು ಬೇಕು? ನಮ್ಮ ಕಡೆ ಸಿಂಹ ಎಂದು ಬೈಯುವ ಪದ್ಧತಿಯೇ ಇಲ್ಲ. ಬೈಯಲು ಕತ್ತೆ ಇದೆ, ಎಮ್ಮೆ ಇದೆ, ಕೋತಿ ಇದೆ. ಸಿಂಹ ಕಿರೀಟದ ಮೇಲೆ, ಸಿಂಹಾಸನದ ಕೆಳಗೆ ಮಾತ್ರ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಪುಸ್ತಕದಿಂದ ತಲೆ ಎತ್ತಿ ಕೇಳಿದಳು:

"ಹೊಗಳಿದ್ರೋ, ಬೈದ್ರೋ?"

"ಸಿಂಹ ಅಂದ್ರು ಕಣೆ! ಅದ್ರಲ್ಲಿ ಬೈಯೋದೇನಿದೆ?"

"ನಗ್ತಾ ಅಂದ್ರೋ, ಸೀರಿಯಸ್ಸಾಗಿ ಅಂದ್ರೋ?"

"ಮೆಚ್ಕೊಂಡು ನಗ್ತಾ ಅಂದ್ರು."

ಅವಳು ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದಳು. ರೋಗ ಗೊತ್ತಾದ ಮೇಲೂ ರೋಗಿಗೆ ಹೇಳದೆ ಇರುವ ಅಭ್ಯಾಸ ಅವಳಿಗೆ ಆಗ ಚೆನ್ನಾಗಿ ಆಗಿತ್ತು.

ನಾನು ಆ ಐದು ಶಬ್ದಗಳನ್ನು ಟ್ರೇನಿನಲ್ಲಿ ಹೋಗುವಾಗ ಬರುವಾಗ ಬಾಯಿಪಾಠ ಮಾಡಿದೆ. ಕ್ಯಾಂಟೊನೀಸಿನಲ್ಲಿ ಸ್ವರ ಏರಿಳಿದರೆ ಅರ್ಥವೇ ಬೇರೆಯಾಗುತ್ತದಂತೆ. ಏನೇನು ಹೇಳಿದ್ದೇನೋ ದೇವರಿಗೇ ಗೊತ್ತು. ಚೈನೀಸ್ ಹೋಟೆಲಿಗೆ ಹೋದಾಗ ಸಪ್ಲೈಯರನಿಗೆ ಎದೆ ಮುಟ್ಟಿ ತೋರಿಸಿ ಹೇಳಿಕೊಂಡೆ. ಅವನು ಒಳಗೆ ಹೋಗಿ ಅಡುಗೆಯವನನ್ನು ಕರೆತಂದ, ಇನ್ನೊಮ್ಮೆ ಹೇಳಿಸಿದ. ಇಬ್ಬರೂ ಬಹಳ ಸಂತೋಷಪಟ್ಟರು. ನಾನೂ ಪಟ್ಟೆ. ಆಫೀಸಿನಲ್ಲಿ ಪೆನ್ಸಿಲ್ ಕೇಳಬೇಕಾದರೂ, ರಜೆ ಕೇಳಬೇಕಾದರೂ ಮೊದಲು ಅದನ್ನು ಅಂದು ಆಮೇಲೆ ಕೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಜನಪ್ರಿಯನಾದೆ ಎಂದುಕೊಂಡೆ.

ಹೆಂಡತಿ ಮೂರನೆಯ ಸಲಕ್ಕೆ ಪರೀಕ್ಷೆ ಪಾಸಾದಳು. ರಿಸಲ್ಟಿನ ಕಾಗದ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು. ಮಗಳಿಗೆ ಆಗ ಆರು ವರ್ಷ. ಅವಳೂ ಏನೆಂದು ತಿಳಿಯದೆ ಪಕ್ಕದಲ್ಲಿ ಕೂತು ಅತ್ತಳು. ಆದರೆ ಸಿಡ್ನಿಯ ಯಾವ ಆಸ್ಪತ್ರೆಯಲ್ಲೂ ಆ ಒಂದು ವರ್ಷದ ಜಾಗ ಖಾಲಿ ಇರಲಿಲ್ಲ. ನವೆಂಬರಿನಲ್ಲಿ ಮೆಲ್ಬರ್ನಿನ ಪೂರ್ವಭಾಗದ ಒಂದು ಆಸ್ಪತ್ರೆಯಿಂದ ಪತ್ರ ಬಂತು. ಜಾಗವಿದೆ, ಜನವರಿಯಲ್ಲಿ ಬಂದು ಸೇರಬೇಕು, ಸೇರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಮತ್ತೆ ಯಾವಾಗ ಸಿಕ್ಕೀತೋ ಹೇಳುವವರಿಲ್ಲ. ಶಿಫ್ಟ್ ಡ್ಯೂಟಿ. ಸಣ್ಣ ಮಗುವನ್ನು ಇಟ್ಟುಕೊಂಡು ಒಬ್ಬಳೇ ಹೇಗೆ ಹೋಗುತ್ತಾಳೆ? ಸಿಡ್ನಿಯಲ್ಲಿ ಬಿಟ್ಟು ಹೋದರೆ ನನ್ನ ಕೈಯಲ್ಲಿ ಮಗು ಏನಾಗುತ್ತದೆ? ನಾನು ಕೆಲಸ ಬಿಟ್ಟರೆ ಇನ್ನೊಂದು ಸಿಗುವ ಕಾಲವಾಗಿರಲಿಲ್ಲ. ದೇಶಕ್ಕೆ ದೇಶವೇ ಹಿಂಜರಿತದಲ್ಲಿತ್ತು, ಎಂಜಿನಿಯರುಗಳು ಟ್ಯಾಕ್ಸಿ ಓಡಿಸುತ್ತಿದ್ದರು.

ಹೀಗಿರುವಾಗ ಬಾಸ್ ಎಲ್ಲರನ್ನೂ ಕರೆದು, ಮೆಲ್ಬರ್ನಿನಲ್ಲಿ ಸಣ್ಣದೊಂದು ಬ್ರಾಂಚ್ ತೆರೆಯುತ್ತಿದ್ದೇನೆ, ಹಾಂಗ್‌ಕಾಂಗಿನ ಪರಿಚಯದವರು ಅಲ್ಲಿ ಕಟ್ಟಡ ಕಟ್ಟಿಸುತ್ತಿದ್ದಾರೆ, ಇಲ್ಲಿಂದ ಒಬ್ಬ ಎಂಜಿನಿಯರ್ ಹೋಗಬೇಕು, ಇಷ್ಟವಿರುವವರು ಬಂದು ಹೇಳಿ ಎಂದರು. ನನಗೆ ರೋಮಾಂಚನವಾಯಿತು. ಮನೆಗೆ ಬಂದು ಹೇಳಿದರೆ ಹೆಂಡತಿ ಸ್ಟವ್ ಆರಿಸಿ ದೇವರ ಪಟದ ಮುಂದೆ ಹೋಗಿ ನಿಂತುಬಿಟ್ಟಳು.

"ನಾಳೆನೇ ಹೋಗಿ ಹೇಳಿ. ಹೆಂಡ್ತಿಗೆ ಅಲ್ಲಿ ಹಾಸ್ಪಿಟಲ್ಲಲ್ಲಿ ಜಾಗ ಸಿಕ್ಕಿದೆ, ನಂಗೆ ಟ್ರಾನ್ಸ್‌ಫರ್ ಕೊಡಿ ಅಂತ. ಅಷ್ಟೇ ಸಾಕು," ಎಂದಳು.

"ನಿಂಗೆ ವ್ಯವಹಾರ ಗೊತ್ತಾಗಲ್ಲ ಬಿಡು. ನಮ್ಗೆ ಗರಜು ಇದೆ ಅಂತ ಗೊತ್ತಾದ್ರೆ ಅವ್ರು ಪುಕ್ಕಟೆ ಕಳಿಸ್ತಾರೆ. ಗರಜು ತೋರಿಸ್ಬಾರ್ದು."

"ಗರಜು ಇದೆಯಲ್ರೀ!"

"ಇದೆ. ತೋರಿಸ್ಬಾರ್ದು."

ಆ ಶನಿವಾರ ನಾನು ಬಾಡಿಗೆಗೆ ತಂದಿದ್ದ ಟೈಪ್‌ರೈಟರಿನ ಮುಂದೆ ಕೂತೆ. ಬೇಡಿಕೆಗಳು ಹನ್ನೊಂದಾದವು. ಸೀನಿಯರ್ ಎಂಬ ಪದವಿ. ಕಂಪನಿಯ ಕಾರು. ಕಿಟಕಿ ಇರುವ ರೂಮು, ಕಿಟಕಿಯಿಂದ ಮರ ಕಾಣಬೇಕು. ನನಗೊಬ್ಬರು ಸಹಾಯಕರು. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಲು ಆರು ವಾರ ರಜೆ. ಸಾಮಾನು ಸಾಗಣೆ ಕಂಪನಿಯದೇ, ಅದರಲ್ಲಿ ನಮ್ಮ ವೆಟ್ ಗ್ರೈಂಡರಿಗೆ ಪ್ರತ್ಯೇಕ ಇನ್ಷೂರೆನ್ಸು. ಹತ್ತಕ್ಕೆ ನಿಲ್ಲಿಸಬಹುದಿತ್ತು. ಆದರೆ ನಮ್ಮಲ್ಲಿ ಯಾವುದನ್ನೂ ಹತ್ತಕ್ಕೆ ನಿಲ್ಲಿಸುವುದಿಲ್ಲ, ಮೇಲೊಂದು ಸೇರಿಸಬೇಕು. ಹನ್ನೊಂದನೆಯದು ವಿಸಿಟಿಂಗ್ ಕಾರ್ಡು, ಉಬ್ಬಿದ ಅಕ್ಷರದ್ದು.

ಇವೆಲ್ಲ ಸಿಗುತ್ತವೆ ಎಂಬ ಭ್ರಮೆ ನನಗೂ ಇರಲಿಲ್ಲ. ಹತ್ತು ಬಿಟ್ಟುಕೊಡುತ್ತೇನೆ, ಅವರು ಬಲವಂತ ಮಾಡಿ ಮೆಲ್ಬರ್ನಿಗೆ ಕಳಿಸುತ್ತಾರೆ, ನಾನು ಒಲ್ಲದ ಮುಖ ಮಾಡಿ ಹೋಗುತ್ತೇನೆ. ಇದು ನನ್ನ ಲೆಕ್ಕ. ಕಂಬಗಳ ಲೆಕ್ಕವನ್ನು ಮಾತ್ರ ನಾನು ಯಾವತ್ತೂ ಇನ್ನೊಬ್ಬರಿಗೆ ತೋರಿಸದೆ ಕಳಿಸುತ್ತಿರಲಿಲ್ಲ. ಇದನ್ನು ಯಾರಿಗೂ ತೋರಿಸಲಿಲ್ಲ.

ಸೋಮವಾರ ಬಾಸಿನ ರೂಮಿಗೆ ಹೋದೆ. ಅವರು ತಮ್ಮ ಥರ್ಮಾಸಿನಿಂದ ನನಗೂ ಒಂದು ಬಟ್ಟಲು ಚಹಾ ಬಗ್ಗಿಸಿದರು.

"ಮೆಲ್ಬರ್ನಿಗೆ ಹೋಗುವ ಇಷ್ಟವಿದೆಯೇ?" ಎಂದು ಕೇಳಿದರು.

"ಅಂಥ ಇಷ್ಟವೇನಿಲ್ಲ. ಸಿಡ್ನಿ ಆರಾಮವಾಗಿದೆ. ಕಂಪನಿಗೆ ಅಗತ್ಯವಿದ್ದರೆ ಯೋಚಿಸಬಹುದು," ಎಂದೆ. ಅಮ್ಮ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದಳು.

"ಮನೆಯಲ್ಲಿ? ಹೆಂಡತಿ ಏನನ್ನುತ್ತಾರೆ?"

ಬಾಗಿಲು ತಾನಾಗಿ ತೆರೆದುಕೊಂಡ ಕ್ಷಣ ಅದು. ನಾನು ಹೀರೇಕಾಯಿ ಮುಟ್ಟಿದೆ. "ಅವಳಿಗೆ ಎಲ್ಲಿದ್ದರೂ ಒಂದೇ," ಎಂದೆ.

ಆಮೇಲೆ ಗಂಟಲು ಸರಿಮಾಡಿಕೊಂಡು, ಬೆನ್ನು ನೇರ ಮಾಡಿ, ಮಾತುಕತೆಗೆ ಒಂದು ಘನತೆ ಬರಲೆಂದು ಪೀಠಿಕೆ ಹಾಕಿದೆ. "ನಿಮಗೆ ಗೊತ್ತೇ ಇದೆ, ನಾನು ಸೀ ಜೀ ಹೋಯ್ ದಾಯ್ ಹೌ," ಎಂದು ಹೇಳಿ ಹಾಳೆಯನ್ನು ಮುಂದಿಟ್ಟೆ.

ಅವರ ಹುಬ್ಬು ಮೇಲೇರಿತು. ಹಾಳೆಯನ್ನು ಓದಿದರು. ಗ್ರೈಂಡರಿನ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರು, ಮತ್ತೆ ಮುಂದೆ ಓದಿದರು. ಮಡಿಚಿ ಮೇಜಿನ ಮೇಲಿಟ್ಟು ಚಹಾ ಕುಡಿದರು. ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಮೊದಲು ಮಾತಾಡಿದವನು ಸೋತ ಎಂದು ನನ್ನ ನಂಬಿಕೆ. ಚಹಾ ಮುಗಿಯಿತು. ಇನ್ನು ಮೂರನೆಯ ಸೂತ್ರವೇ ಎಂದುಕೊಂಡು ಎದ್ದೆ.

"ಪರವಾಗಿಲ್ಲ, ಆಗದಿದ್ದರೆ ಬೇಡ," ಎಂದು ಬೆನ್ನು ತಿರುಗಿಸಿದೆ.

ಒಂದು. ಎರಡು. ಮೂರಕ್ಕೆ ಬಾಗಿಲು. ನಾಲ್ಕು ಕಾರಿಡಾರಿನಲ್ಲಿ ಬಿತ್ತು. ಐದನೆಯದನ್ನು ಬಹಳ ನಿಧಾನವಾಗಿ ಇಟ್ಟೆ. ಕರೆಯಲಿಲ್ಲ. ಇಷ್ಟು ಬಂದವನು ಹಿಂದಿರುಗಿ ನೋಡಿದರೆ ಮರ್ಯಾದೆ ಹೋಗುತ್ತದೆ ಎಂದು ಲಿಫ್ಟಿನವರೆಗೆ ನಡೆದೆ, ಲಿಫ್ಟು ಬಂತು, ಹತ್ತಿದೆ, ಕೆಳಗಿಳಿದು ಬೀದಿಯಲ್ಲಿ ಐದು ನಿಮಿಷ ನಿಂತೆ. ಬೆಳಗಿನ ಹತ್ತೂವರೆ ಗಂಟೆ. ನನ್ನ ಕೋಟು, ಊಟದ ಡಬ್ಬಿ ಎರಡೂ ಮೇಲೆ ಇದ್ದವು. ಮತ್ತೆ ಲಿಫ್ಟು ಹತ್ತಿ ಹೋಗಿ ಕಂಬಗಳ ಮುಂದೆ ಕೂತೆ.

ಬುಧವಾರ ಗೊತ್ತಾಯಿತು, ಮೆಲ್ಬರ್ನಿಗೆ ಹೋಗುವವನು ಕಂಪನಿಗೆ ಬಂದು ಒಂದು ವರ್ಷವೂ ಆಗದ ಒಬ್ಬ ಯುವಕ ಎಂದು. ಅವನು ಕೇಳಿದ್ದು ಒಂದೇ ಪ್ರಶ್ನೆಯಂತೆ, ಯಾವಾಗ ಹೊರಡಲಿ ಎಂದು. ಆಗಲಾದರೂ ಓಡಿಹೋಗಿ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಸಿಂಹಕ್ಕೆ ಅವಮಾನವಾಗಿತ್ತು.

ಮನೆಗೆ ಹೋಗಿ "ಕೊಡ್ಲಿಲ್ಲ" ಎಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

"ಹಾಸ್ಪಿಟಲ್ ವಿಷ್ಯ ಕೇಳಿಯೂ ಕೊಡ್ಲಿಲ್ವಾ?" ಎಂದು ಕೇಳಿದಳು.

"ಬಿಸಿನೆಸ್ ಜನ ಕಣೆ, ಅವ್ರಿಗೆ ಅದೆಲ್ಲ ಎಲ್ಲಿ," ಎಂದೆ. ಇದು ಮಾತ್ರ ಶುದ್ಧ ಸುಳ್ಳು. ಹೇಳುವಾಗ ನಾಲಿಗೆ ತೊದಲಲೂ ಇಲ್ಲ.

ಅವಳು ಮೂರು ದಿನ ಯೋಚಿಸಿದಳು. ನಾಲ್ಕನೆಯ ದಿನ, "ನಾನು ಪುಟ್ಟಿನ ಕರ್ಕೊಂಡು ಹೋಗ್ತೀನಿ. ಇದನ್ನ ಬಿಟ್ರೆ ನಾನು ಮತ್ತೆ ಡಾಕ್ಟರ್ ಆಗಲ್ಲ," ಎಂದಳು. ಅಳಲಿಲ್ಲ. ಜನವರಿಯ ಮೊದಲ ವಾರ ಎರಡು ಸೂಟ್‌ಕೇಸು, ಒಂದು ಕುಕ್ಕರು, ಮಗಳ ಸ್ಕೂಲ್ ಬ್ಯಾಗು ಹಿಡಿದು ಬಸ್ಸು ಹತ್ತಿದರು. ಇನ್ಷೂರೆನ್ಸ್ ಇಲ್ಲದ ಗ್ರೈಂಡರು ನನ್ನ ಜೊತೆ ಸಿಡ್ನಿಯಲ್ಲಿ ಉಳಿಯಿತು.

ಮೆಲ್ಬರ್ನಿನಲ್ಲಿ ಬಾಕ್ಸ್ ಹಿಲ್ ಸ್ಟೇಷನ್ನಿನ ಹಿಂದೆ ಒಂದು ರೂಮಿನ ಯೂನಿಟ್ ಹಿಡಿದಳು. ಪಕ್ಕದ ಯೂನಿಟ್ಟಿನಲ್ಲಿ ಹಾಂಗ್‌ಕಾಂಗಿನ ಒಬ್ಬ ಅಜ್ಜಿ. ಸ್ಕೂಲಿಗೆ ಮುಂಚೆ, ಸ್ಕೂಲಾದ ಮೇಲೆ, ಹೆಂಡತಿಗೆ ಡ್ಯೂಟಿ ಇದ್ದಾಗಲೆಲ್ಲ ಮಗಳು ಅವರ ಮನೆಯಲ್ಲಿ. ಆ ಅಜ್ಜಿಗೆ ಇಂಗ್ಲಿಷು ಹತ್ತು ಮಾತು ಬರುತ್ತಿತ್ತು. ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವರಿಬ್ಬರೂ ಹೇಗೆ ಮಾತಾಡಿಕೊಳ್ಳುತ್ತಾರೆ ಎಂದು ನಾನು ಯೋಚಿಸಲೇ ಇಲ್ಲ.

ನಾನು ಎರಡು ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ, ಶನಿವಾರ ಬೆಳಿಗ್ಗೆ ಇಳಿದು, ಭಾನುವಾರ ಮಧ್ಯಾಹ್ನ ವಾಪಸು ಹೊರಡುತ್ತಿದ್ದೆ. ಉಳಿದ ದಿನ ಎಸ್‌ಟಿಡಿ. ಮಗಳ ಮೊದಲ ಹಲ್ಲು ಬಿದ್ದದ್ದು ನನಗೆ ಫೋನಿನಲ್ಲಿ ಗೊತ್ತಾಯಿತು. ಎರಡನೆಯದು ಬಿದ್ದದ್ದನ್ನು ಹೇಳಲು ಅವಳು ಮರೆತಿದ್ದಳು. ಒಂದು ಶನಿವಾರ ಬಾಗಿಲು ತೆಗೆದು ಒಳಗೆ ಹೋದರೆ ಹೆಂಡತಿ ಶೂ ಹಾಕಿಕೊಂಡೇ, ಕೈಯಲ್ಲಿ ಬ್ರೆಡ್ಡಿನ ಚೂರು ಹಿಡಿದು, ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ತೂಕ ಇಳಿದು ಬಳೆ ಮೊಣಕೈಗೆ ಜಾರಿತ್ತು. ನನಗೆ ಬಹಳ ನಾಚಿಕೆಯಾಯಿತು. ಎಬ್ಬಿಸಿ ನಿಜ ಹೇಳಬೇಕೆನಿಸಿತು. ಶೂ ಬಿಚ್ಚಿ ಪಕ್ಕಕ್ಕಿಟ್ಟೆ, ಅಷ್ಟೇ. ಆಫೀಸಿನಲ್ಲಿಯೂ ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆ ಹೆಂಡತಿ ಊರಿಗೆ ಹೋಗಿದ್ದಾಳೆ ಎನ್ನುತ್ತಿದ್ದೆ.

ಹೀಗೆ ಹತ್ತು ತಿಂಗಳು. ಹತ್ತನೆಯ ತಿಂಗಳಿನ ಒಂದು ಶನಿವಾರ ಹೆಂಡತಿ ಡ್ಯೂಟಿ ಮುಗಿಸಿ ಬಂದು ಒಳಗೆ ಮಲಗಿದ್ದಳು. ನಾನು ಸೋಫಾದ ಮೇಲೆ ಕಾಲು ಚಾಚಿ ಮಗಳನ್ನು ಕರೆದೆ.

"ಪುಟ್ಟೀ, ಅಪ್ಪಂಗೆ ನೀರು ತಗೊಂಬಾ. ಹಾಗೇ ಕನ್ನಡಕ ತಗೊಂಬಾ. ಪೇಪರ್ ತಾ. ಒಂದು ದಿಂಬು ತಾ. ಆಮೇಲೆ ಬಂದು ಬೆನ್ನು ತುಳಿ."

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು, ಐದು ಶಬ್ದವನ್ನೂ ಐದು ಎತ್ತರದಲ್ಲಿ, ಅಚ್ಚ ಹಾಂಗ್‌ಕಾಂಗಿನ ಧಾಟಿಯಲ್ಲಿ ಅಂದಳು. "ಸೀ ಜೀ ಹೋಯ್ ದಾಯ್ ಹೌ!"

ನಾನು ಹಿರಿಹಿರಿ ಹಿಗ್ಗಿ ಎದ್ದು ಕೂತೆ. "ಅಪ್ಪ ಸಿಂಹ ಅಂತ ನಿಂಗ್ಯಾರು ಹೇಳಿದ್ರು ಪುಟ್ಟಿ?"

"ಪೋ ಪೋ ಸೇಸ್ ಇಟ್," ಎಂದಳು. ಪೋ ಪೋ ಎಂದರೆ ಆ ಅಜ್ಜಿ. ಮಾರ್ಕೆಟ್ಟಿನಲ್ಲಿ ಮೀನಿನವನು ಬಾಯಿಗೆ ಬಂದ ಬೆಲೆ ಹೇಳಿದಾಗ ಅಜ್ಜಿ ಹಾಗನ್ನುತ್ತಾರಂತೆ. ಮಗಳು ಮುಖ ಗಂಭೀರ ಮಾಡಿ ಹತ್ತಿರ ಬಂದು, ನನಗೆ ಬೇಜಾರಾಗಬಾರದೆಂದು ದನಿ ತಗ್ಗಿಸಿ ಹೇಳಿದಳು. "ಇಟ್ಸ್ ನಾಟ್ ಎ ನೈಸ್ ಥಿಂಗ್, ಅಪ್ಪ. ಇಟ್ ಮೀನ್ಸ್ ಯು ಆಸ್ಕ್ ಫಾರ್ ಟೂ ಮಚ್. ಲೈಕ್, ಗ್ರೀಡಿ."

ನಾನು ಮೆಲ್ಲಗೆ ಮತ್ತೆ ಮಲಗಿದೆ. ಹೋಟೆಲಿನ ಸಪ್ಲೈಯರ್, ಅವನು ಕರೆತಂದ ಅಡುಗೆಯವನು, ಪೆನ್ಸಿಲ್ಲು, ರಜೆ, ನಕ್ಕವರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಕೊನೆಯಲ್ಲಿ ಬಾಸಿನ ಹುಬ್ಬು ಬಂತು. ನಾನು ಅವರ ಮುಂದೆ ಎದೆಯುಬ್ಬಿಸಿ ಕೂತು, ನಾನೊಬ್ಬ ದುರಾಸೆಯ ಸುಲಿಗೆಕೋರ ಎಂದು ಅವರದೇ ಭಾಷೆಯಲ್ಲಿ ಪರಿಚಯಿಸಿಕೊಂಡು, ಪುರಾವೆಗೆ ಟೈಪ್ ಮಾಡಿದ ಹಾಳೆಯನ್ನೂ ಒದಗಿಸಿದ್ದೆ. ಮಗಳು ನೀರು ತಂದುಕೊಟ್ಟಳು. ಉಳಿದದ್ದನ್ನು ನಾನೇ ಎದ್ದು ತಂದುಕೊಂಡೆ.

ಸೋಮವಾರ ಬಾಸಿನ ರೂಮಿಗೆ ಬರಿಗೈಯಲ್ಲಿ ಹೋದೆ. ಕೂರಲಿಲ್ಲ. "ನನ್ನ ಹೆಂಡತಿ ಮಗಳು ಮೆಲ್ಬರ್ನಿನಲ್ಲಿದ್ದಾರೆ. ಅವಳು ಡಾಕ್ಟರ್, ಅಲ್ಲಿನ ಆಸ್ಪತ್ರೆಯಲ್ಲಿದ್ದಾಳೆ. ನಾನು ಅಲ್ಲಿಗೆ ಹೋಗಬೇಕು. ಏನು ಕೆಲಸವಾದರೂ ಸರಿ," ಎಂದೆ. ಒಂದೇ ಉಸಿರಿನಲ್ಲಿ ಮುಗಿದುಹೋಯಿತು. ಇಷ್ಟು ಚಿಕ್ಕ ಮಾತು ಎಂದು ನನಗೇ ಆಶ್ಚರ್ಯವಾಯಿತು.

"ಯಾವಾಗಿನಿಂದ ಅಲ್ಲಿದ್ದಾರೆ?" ಎಂದು ಕೇಳಿದರು.

"ಜನವರಿಯಿಂದ."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಅಂದು ನಾನು ಕೇಳಿದೆನಲ್ಲ, ಹೆಂಡತಿ ಏನನ್ನುತ್ತಾರೆ ಎಂದು?"

"ಕೇಳಿದಿರಿ."

"ಇದನ್ನು ಹೇಳಿದ್ದರೆ ಮಾರನೆಯ ದಿನವೇ ಕಳಿಸುತ್ತಿದ್ದೆ. ನಿಮ್ಮ ಹಾಳೆ ನೋಡಿ ನಾನು ಏನೆಂದುಕೊಂಡೆ ಗೊತ್ತೇ? ಇವರಿಗೆ ಹೋಗಲು ಇಷ್ಟವಿಲ್ಲ, ಇಲ್ಲ ಎನ್ನಲು ಸಂಕೋಚ, ಅದಕ್ಕೆ ಯಾರೂ ಕೊಡಲಾಗದಷ್ಟು ಕೇಳಿದ್ದಾರೆ. ನಮ್ಮ ಕಡೆ ಮರ್ಯಾದಸ್ಥರು ಹಾಗೆಯೂ ಇಲ್ಲ ಎನ್ನುತ್ತಾರೆ. ಸಿಂಹದ ಮಾತನ್ನೂ ನೀವೇ ಮೊದಲು ಆಡಿದಿರಿ. ತಮಾಷೆಯಾಗಿ, ಯಾರಿಗೂ ನೋವಾಗದ ಹಾಗೆ ಇಲ್ಲ ಎಂದರು ಎಂದುಕೊಂಡೆ. ಒತ್ತಾಯ ಮಾಡಬಾರದೆಂದು ಸುಮ್ಮನಾದೆ."

ಅವರು ನನ್ನನ್ನು ಗೌರವಿಸಿ ಸುಮ್ಮನಿದ್ದರು. ನಾನು ಹನ್ನೊಂದು ಕೊಸರು ಕೇಳಿ, ಸರಕನ್ನೇ ಕೇಳದೆ ಎದ್ದು ಬಂದಿದ್ದೆ.

ಮೆಲ್ಬರ್ನಿನಲ್ಲಿ ಎಂಜಿನಿಯರ್ ಜಾಗ ಈಗ ಇಲ್ಲ, ಬೇರೆಯವರ ನಕ್ಷೆಗಳ ತಪ್ಪು ಹುಡುಕುವ ಕೆಲಸವಿದೆ, ನಿಮಗೆ ಅದು ಕೆಳಗಿನದಾಗುತ್ತದೆ ಎಂದರು. ಆಗಬಹುದು ಎಂದೆ. ಕಪಾಟಿನ ಫೈಲಿನಿಂದ ಆ ಹಳೆಯ ಹಾಳೆಯನ್ನು ತೆಗೆದು, ಇದು ನನಗೆ ಬೇಡ ಎಂದು ಕೈಗೆ ಕೊಟ್ಟರು. ಹೊರಗೆ ಬರುವಾಗ ಹೆಜ್ಜೆ ಎಣಿಸಲಿಲ್ಲ.

ನಾನು ಬಾಕ್ಸ್ ಹಿಲ್ಲಿಗೆ ಹೋಗಿ ಇಳಿದಾಗ ಹೆಂಡತಿಯ ಆ ಒಂದು ವರ್ಷ ಮುಗಿಯಲು ಇನ್ನು ನಾಲ್ಕೇ ವಾರ ಉಳಿದಿತ್ತು. ಕಷ್ಟದ ಭಾಗವೆಲ್ಲ ಆಗಿಹೋಗಿತ್ತು. ಒಂದು ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ, ಮಗಳು ಪಕ್ಕದ ಮನೆಗೆ ಹೋದದ್ದು ನೋಡಿಕೊಂಡು, ಎಲ್ಲವನ್ನೂ ಹೇಳಿದೆ. ನಾಲ್ಕು ಹೆಜ್ಜೆ, ಲಿಫ್ಟು, ಬೀದಿಯಲ್ಲಿ ನಿಂತದ್ದು, ಬಿಸಿನೆಸ್ ಜನ ಎಂದದ್ದು, ಎಲ್ಲ. ಹಾಳೆಯನ್ನೂ ಅವಳ ಮುಂದಿಟ್ಟೆ.

ಅವಳು ಮೊದಲಿಂದ ಓದಿದಳು. ಮರ ಕಾಣುವ ಕಿಟಕಿಗೆ ತುಟಿ ಕಚ್ಚಿದಳು. ಗ್ರೈಂಡರಿನ ಇನ್ಷೂರೆನ್ಸ್ ಬಂದಾಗ ತಡೆಯಲಾರದೆ ನಕ್ಕಳು. ಉಬ್ಬಿದ ಅಕ್ಷರದ ಕಾರ್ಡಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಗೆದ್ದೆ, ಇಷ್ಟಕ್ಕೇ ಮುಗಿಯಿತು ಎಂದು ಮನಸ್ಸು ಹಗುರವಾಯಿತು.

ಕಣ್ಣು ಒರೆಸಿಕೊಂಡು ಅವಳು ಹನ್ನೊಂದನ್ನೂ ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದಳು. ಅಲ್ಲಿ ಏನೂ ಬರೆದಿರಲಿಲ್ಲ.

"ನನ್ ವಿಷ್ಯ ಎಲ್ಲಿದೆ ರೀ?" ಎಂದು ಕೇಳಿದಳು.

"ಇಲ್ಲ," ಎಂದೆ.